‘ಸ್ಕ್ರೆಮ್ಮ’: ಸ್ವೀಡಿಷ್ ಭಾಷೆಯ ಹೆದರಿಸುವ ಕ್ರಿಯಾಪದ ಇಂಗ್ಲಿಷಿಗೆ ಬರುವಾಗ

ಸ್ವೀಡಿಷ್ ಭಾಷೆಯಲ್ಲಿ ‘ಹೆದರಿಸು’ ಎನ್ನಬೇಕಾದಾಗ ಎಲ್ಲಕ್ಕಿಂತ ಮೊದಲು ಬಾಯಿಗೆ ಬರುವ ಕ್ರಿಯಾಪದ ‘ಸ್ಕ್ರೆಮ್ಮ’. ಬಾಗಿಲ ಹಿಂದೆ ಅವಿತುಕೊಂಡು ತಮ್ಮನನ್ನು ಹೆದರಿಸುವ ಹುಡುಗಿಗೂ ಇದೇ ಪದ, ಹೊಲಕ್ಕೆ ಇಳಿದ ಹಕ್ಕಿಗಳನ್ನು ಓಡಿಸುವ ರೈತನಿಗೂ ಇದೇ ಪದ, ಪತ್ರಕರ್ತರ ಬಾಯಿ ಮುಚ್ಚಿಸಲು ಹೊಂಚುವವನಿಗೂ ಇದೇ ಪದ. ಈ ಮೂರು ಸಂದರ್ಭಗಳನ್ನು ಇಂಗ್ಲಿಷಿಗೆ ತರುವವರು ಒಂದೇ ಪದವನ್ನು ನೆಚ್ಚಿಕೊಂಡು ಕೂರಲಾರರು. ಮೊದಲನೆಯದಕ್ಕೆ ‘ಸ್ಟಾರ್ಟಲ್’ ಇಲ್ಲವೇ ‘ಸ್ಕೇರ್’ ಬೇಕು, ಎರಡನೆಯದಕ್ಕೆ ‘ಸ್ಕೇರ್ ಆಫ್’, ಮೂರನೆಯದಕ್ಕೆ ‘ಇಂಟಿಮಿಡೇಟ್’. ಈ ಆಯ್ಕೆಯನ್ನು ಯಾವ ಆಧಾರದ ಮೇಲೆ ಮಾಡಬೇಕು ಎಂಬುದು ಇಂದಿನ ಮಾತಿನ ವಿಷಯ.

ದ್ವಿಭಾಷಾ ನಿಘಂಟುಗಳು ‘ಸ್ಕ್ರೆಮ್ಮ’ದ ಎದುರಿಗೆ ‘ಫ್ರೈಟನ್’, ‘ಸ್ಕೇರ್’, ‘ಟೆರಿಫೈ’ ಎಂಬ ಪದಗಳನ್ನು ಸಾಲಾಗಿ ಇಡುತ್ತವೆ. ಆ ಸಾಲನ್ನು ನೋಡಿದವರಿಗೆ ಇವು ಭಯದ ಪ್ರಮಾಣಕ್ಕೆ ತಕ್ಕಂತೆ ಜೋಡಿಸಿದ ಮೆಟ್ಟಿಲುಗಳೆಂದು ಅನ್ನಿಸುವುದು ಸಹಜ: ಸ್ವಲ್ಪ ಹೆದರಿಸಿದರೆ ಇದು, ಬಹಳ ಹೆದರಿಸಿದರೆ ಅದು. ಸ್ವೀಡಿಷ್ ವಾಕ್ಯಗಳನ್ನು ಒಂದೊಂದಾಗಿ ಎದುರಿಗಿಟ್ಟುಕೊಂಡು ನೋಡಿದರೆ ಈ ಎಣಿಕೆ ನಿಲ್ಲುವುದಿಲ್ಲ ಎಂಬುದು ನನ್ನ ವಾದ. ಹೆದರಿಕೆ ಎಷ್ಟು ಎಂಬುದಕ್ಕಿಂತ ಹೆದರಿದವನು ಆಮೇಲೆ ಏನಾದ ಎಂಬುದು ಇಂಗ್ಲಿಷ್ ಪದವನ್ನು ನಿರ್ಣಯಿಸುತ್ತದೆ. ಅವನು ನಿಂತಲ್ಲೇ ಬೆಚ್ಚಿದನೇ, ಓಡಿಹೋದನೇ, ಸುಮ್ಮನಾದನೇ, ತಲ್ಲಣಕ್ಕೆ ಒಳಗಾದನೇ, ಅಂದುಕೊಂಡ ಕೆಲಸವನ್ನು ಕೈಬಿಟ್ಟನೇ? ಸ್ವೀಡಿಷ್ ವಾಕ್ಯ ಈ ಪ್ರಶ್ನೆಗೆ ಉತ್ತರವನ್ನು ಬಹುಪಾಲು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಆದರೆ ಕ್ರಿಯಾಪದದಲ್ಲಿ ಇಟ್ಟುಕೊಂಡಿರುವುದಿಲ್ಲ.

ಕನ್ನಡ ಬಲ್ಲ ನಿಮಗೆ ಇಲ್ಲಿ ಒಂದು ಅನುಕೂಲವಿದೆ. ನಮ್ಮಲ್ಲಿ ಹೆದರು–ಹೆದರಿಸು, ಅಂಜು–ಅಂಜಿಸು, ಬೆಚ್ಚು–ಬೆಚ್ಚಿಸು, ಬೆದರು–ಬೆದರಿಸು ಎಂದು ಜೋಡಿಗಳೇ ಇವೆ. ‘ಇಸು’ ಹತ್ತಿದ ಕೂಡಲೇ ಭಯ ಪಡುವವನಿಂದ ಭಯ ಪಡಿಸುವವನ ಕಡೆಗೆ ಮಾತು ತಿರುಗುತ್ತದೆ. ಸ್ವೀಡಿಷ್ ಭಾಷೆಯಲ್ಲಿ ಇಂಥ ಜೋಡಿ ಇಲ್ಲ. ಹೆದರಿದವನ ಸ್ಥಿತಿಯನ್ನು ಹೇಳಲು ‘ರೆದ್’ ಎಂಬ ಬೇರೆಯದೇ ಗುಣವಾಚಕವಿದೆ, ಅದಕ್ಕೂ ‘ಸ್ಕ್ರೆಮ್ಮ’ಕ್ಕೂ ರೂಪದಲ್ಲಿ ಸಂಬಂಧವಿಲ್ಲ. ‘ಒಬ್ಬನನ್ನು ರೆದ್ ಮಾಡು’ ಎಂದೂ ಸ್ವೀಡಿಷರು ಹೇಳಬಲ್ಲರು, ಆದರೆ ಆ ಮಾತು ಸ್ಥಿತಿಯ ಮೇಲೆ ಒತ್ತು ಹಾಕುತ್ತದೆ. ‘ಸ್ಕ್ರೆಮ್ಮ’ ಕೃತ್ಯದ ಮೇಲೆ ಒತ್ತು ಹಾಕುತ್ತದೆ. ಇಂಗ್ಲಿಷಿನ ‘ಸ್ಕೇರ್’ ಹಳೆಯ ನಾರ್ಸ್ ಭಾಷೆಯ ‘ಸ್ಕಿರ್ರ’ದಿಂದ ಬಂದದ್ದು, ‘ಫ್ರೈಟನ್’ ಹಳೆಯ ಇಂಗ್ಲಿಷಿನದೇ ಬೇರು, ‘ಟೆರಿಫೈ’, ‘ಇಂಟಿಮಿಡೇಟ್’, ‘ಡಿಟರ್’ ಮೂರೂ ಲ್ಯಾಟಿನ್ ಮನೆತನದವು, ‘ಅಲಾರ್ಮ್’ ಇಟಲಿಯಲ್ಲಿ ಸೈನಿಕರನ್ನು ‘ಆಯುಧ ಹಿಡಿಯಿರಿ’ ಎಂದು ಕೂಗಿ ಎಬ್ಬಿಸುತ್ತಿದ್ದ ಮಾತಿನಿಂದ ಹುಟ್ಟಿದ್ದು. ಹೀಗೆ ಬೇರೆ ಬೇರೆ ಊರುಗಳಿಂದ ಬಂದು ನೆಲೆಸಿದ ಪದಗಳ ನಡುವೆ ಇಂಗ್ಲಿಷು ಕೆಲಸವನ್ನು ಹಂಚಿದೆ. ಸ್ವೀಡಿಷ್ ಆ ಕೆಲಸವನ್ನೆಲ್ಲ ಒಂದೇ ಪದಕ್ಕೆ ಒಪ್ಪಿಸಿ, ಅದರ ಪಕ್ಕದಲ್ಲಿ ಚಿಕ್ಕ ಚಿಕ್ಕ ಅವ್ಯಯಗಳನ್ನು ನಿಲ್ಲಿಸಿದೆ.

ಅತ್ಯಂತ ಸರಳವಾದ ವಾಕ್ಯದಿಂದ ಆರಂಭಿಸೋಣ. ‘ದು ಸ್ಕ್ರೆಮ್ದೆ ಮೆಯ್!’ ಎಂದರೆ ‘ನೀನು ನನ್ನನ್ನು ಹೆದರಿಸಿದೆ!’ ಅಡುಗೆಮನೆಯಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದವಳ ಬೆನ್ನ ಹಿಂದೆ ಸದ್ದಿಲ್ಲದೆ ಬಂದು ನಿಂತವನಿಗೆ ಅವಳು ಹೇಳುವ ಮಾತು ಇದು. ಅವನಿಗೆ ಹೆದರಿಸುವ ಉದ್ದೇಶವೇ ಇರಲಿಲ್ಲ, ಅವಳಿಗೂ ನಿಜವಾದ ಭಯವೇನೂ ಆಗಿಲ್ಲ, ಮೈ ಒಮ್ಮೆ ಜುಂ ಎಂದಿದೆ ಅಷ್ಟೇ. ಇಂಗ್ಲಿಷಿನಲ್ಲಿ ‘ಯೂ ಸ್ಟಾರ್ಟಲ್ಡ್ ಮಿ’ ಎಂದರೆ ಅರ್ಥ ಅಚ್ಚುಕಟ್ಟಾಗಿ ಕೂರುತ್ತದೆ, ಆದರೆ ಧ್ವನಿ ತುಸು ಪುಸ್ತಕದ್ದಾಗುತ್ತದೆ. ‘ಯೂ ಸ್ಕೇರ್ಡ್ ಮಿ’ ಎಂಬುದು ಆಡುಮಾತಿಗೆ ಹತ್ತಿರ. ಬ್ರಿಟನ್ನಿನ ಪಾತ್ರವೊಂದರ ಬಾಯಲ್ಲಿ ‘ಯೂ ಗೇವ್ ಮಿ ಎ ಫ್ರೈಟ್’ ಎಂಬುದು ಇನ್ನೂ ಸಹಜವಾಗಿ ಕೇಳಿಸುತ್ತದೆ, ಅಂದರೆ ಇಲ್ಲಿ ಕ್ರಿಯಾಪದವನ್ನೇ ಬಿಟ್ಟು ನಾಮಪದವನ್ನು ಹಿಡಿದಂತಾಯಿತು. ‘ಟೆರಿಫೈ’ ಮಾತ್ರ ಇಲ್ಲಿ ಸಲ್ಲದು. ಕಾದಂಬರಿಯ ಅನುವಾದಗಳಲ್ಲಿ ಅತಿಯಾಗಿ ದುರುಪಯೋಗವಾಗುವ ಪದ ಅದೇ ಎಂದು ನನಗೆ ಅನ್ನಿಸುತ್ತದೆ. ಅದನ್ನು ‘ಸ್ಕ್ರೆಕ್’ ಎಂಬ ನಾಮಪದದ ಕುಟುಂಬಕ್ಕೆ, ಅಂದರೆ ರಕ್ತ ಹೆಪ್ಪುಗಟ್ಟಿಸುವಂಥ ಭೀತಿಯ ಮಾತು ಬಂದಾಗ ಬಳಸಲು ಎತ್ತಿಡಬೇಕು.

ಈಗ ಅವ್ಯಯಗಳಿಗೆ ಬರುತ್ತೇನೆ, ನನ್ನ ವಾದಕ್ಕೆ ಮುಖ್ಯ ಸಾಕ್ಷಿ ಇಲ್ಲಿದೆ. ‘ಸ್ಕ್ರೆಮ್ಮ ಬೊರ್ಟ್’ ಎಂದರೆ ಹೆದರಿಸಿ ಓಡಿಸುವುದು. ಇಲ್ಲಿ ಉಚ್ಚಾರದ ಒತ್ತು ಕ್ರಿಯಾಪದದ ಮೇಲೆ ಬೀಳದೆ ‘ಬೊರ್ಟ್’ ಎಂಬುದರ ಮೇಲೆ ಬೀಳುತ್ತದೆ, ಕಿವಿಗೆ ಮೊದಲು ತಾಗುವುದು ‘ದೂರಕ್ಕೆ’ ಎಂಬ ಅರ್ಥ. ಕಳ್ಳನನ್ನೂ ಕಾಗೆಯನ್ನೂ ಹೀಗೆ ಓಡಿಸಬಹುದು, ಆಗ ಇಂಗ್ಲಿಷಿನಲ್ಲಿ ‘ಸ್ಕೇರ್ ಅವೇ’ ಅಥವಾ ‘ಸ್ಕೇರ್ ಆಫ್’ ಸರಿಹೋಗುತ್ತದೆ. ಆದರೆ ಹೊಸ ತೆರಿಗೆ ಹೂಡಿಕೆದಾರರನ್ನು ‘ಸ್ಕ್ರೆಮ್ಮ ಬೊರ್ಟ್’ ಮಾಡಿತು ಎಂದು ಸ್ವೀಡಿಷ್ ಪತ್ರಿಕೆ ಬರೆದಾಗ ಅಲ್ಲಿ ಭಯದ ಲವಲೇಶವೂ ಇರಬೇಕಾಗಿಲ್ಲ. ಲೆಕ್ಕ ಹಾಕಿ ನೋಡಿ ಬೇಡವೆಂದು ಹಿಂದೆ ಸರಿದವರ ಮಾತು ಅದು. ಇಂಗ್ಲಿಷಿನ ಆರ್ಥಿಕ ವರದಿಗಾರ ಅದನ್ನು ‘ಡಿಟರ್’ ಎನ್ನುತ್ತಾನೆ. ಇನ್ನೂ ಸಪ್ಪೆಯಾದ ಸಂದರ್ಭಗಳಿವೆ: ಅಂಗಡಿಯ ಬೆಲೆ ‘ಸ್ಕ್ರೆಮ್ಮೆರ್’ ಎಂದರೆ ಅದನ್ನು ಕೇಳಿ ಕೊಳ್ಳುವ ಮನಸ್ಸು ಹಿಂಜರಿಯಿತು ಎಂದಷ್ಟೇ ಅರ್ಥ, ‘ಪುಟ್ಸ್ ಪೀಪಲ್ ಆಫ್’ ಎಂದರೆ ಸಾಕು. ಬೆಲೆ ಗಿರಾಕಿಗಳನ್ನು ‘ಫ್ರೈಟನ್’ ಮಾಡುತ್ತದೆ ಎಂದು ಬರೆದರೆ ವ್ಯಾಕರಣ ತಪ್ಪದಿದ್ದರೂ ಸ್ವೀಡಿಷಿನಲ್ಲಿ ಇಲ್ಲದ ಒಂದು ನಾಟಕೀಯತೆ ಒಳಗೆ ಬಂದುಬಿಡುತ್ತದೆ.

‘ಸ್ಕ್ರೆಮ್ಮ ಉಪ್’ ಎಂಬುದರ ದಾರಿ ಬೇರೆ. ‘ಉಪ್’ ಎಂದರೆ ಮೇಲಕ್ಕೆ. ಇಲ್ಲಿ ಹೆದರಿದವರು ಎಲ್ಲಿಗೂ ಓಡುವುದಿಲ್ಲ, ಇದ್ದಲ್ಲೇ ಕದಡಿಹೋಗುತ್ತಾರೆ, ಗಾಬರಿಗೊಳ್ಳುತ್ತಾರೆ. ‘ಉಪ್‌ಸ್ಕ್ರೆಮ್ದ್’ ಎಂಬ ಕೃದಂತವನ್ನು ‘ಅಲಾರ್ಮ್ಡ್’ ಅಥವಾ ‘ಆ್ಯಜಿಟೇಟೆಡ್’ ಎಂದು ಇಂಗ್ಲಿಷ್ ಮಾಡುವುದು ಸರಿಯಾದ ರೂಢಿ. ಅಧಿಕಾರಿಗಳು ಜನರಿಗೆ ಕೊಡುವ ಸೂಚನೆಗಳಲ್ಲಿ ‘ಯಾರನ್ನೂ ಹೆದರಿಸುವ ಉದ್ದೇಶ ನಮಗಿಲ್ಲ’ ಎಂಬ ಧಾಟಿಯ ಮಾತು ಎರಡೂ ಭಾಷೆಗಳಲ್ಲಿ ಬರುತ್ತದೆ. ಸ್ವೀಡಿಷಿನಲ್ಲಿ ಅಲ್ಲಿ ಬರಿಯ ‘ಸ್ಕ್ರೆಮ್ಮ’ ಸಾಕು, ಇಂಗ್ಲಿಷಿನ ಸರ್ಕಾರಿ ಶೈಲಿ ಆ ಜಾಗದಲ್ಲಿ ‘ಅಲಾರ್ಮ್’ ಎಂಬುದನ್ನೇ ಬಯಸುತ್ತದೆ. ಇಂಥದೊಂದು ಸಂದರ್ಭವನ್ನು ಇತ್ತೀಚಿನ ವರ್ಷಗಳಲ್ಲಿ ಸ್ವೀಡನ್ನಿನಲ್ಲಿ ನೋಡಿದ್ದೇವೆ. ಬಿಕ್ಕಟ್ಟು ಅಥವಾ ಯುದ್ಧ ಬಂದರೆ ಏನು ಮಾಡಬೇಕೆಂದು ತಿಳಿಸುವ ಪುಸ್ತಿಕೆಯನ್ನು ಅಲ್ಲಿನ ನಾಗರಿಕ ರಕ್ಷಣಾ ಪ್ರಾಧಿಕಾರ 2018ರಲ್ಲಿ ಮತ್ತು ಮತ್ತೆ 2024ರ ನವೆಂಬರಿನಲ್ಲಿ ದೇಶದ ಎಲ್ಲ ಮನೆಗಳಿಗೂ ಕಳಿಸಿತು. ಇಂಥ ಪುಸ್ತಿಕೆ ಜನರನ್ನು ಸಿದ್ಧಗೊಳಿಸುತ್ತದೆಯೇ ಅಥವಾ ‘ಸ್ಕ್ರೆಮ್ಮ ಉಪ್’ ಮಾಡುತ್ತದೆಯೇ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತರುವವರು ‘ಸ್ಕೇರ್’ ಎಂಬಲ್ಲಿಗೆ ನಿಲ್ಲಬಾರದು. ಒಂದಿಡೀ ಜನಸಮುದಾಯ ಕದಡುವುದರ ಬಗ್ಗೆ ಆ ಪ್ರಶ್ನೆ ಇದೆ, ಒಬ್ಬೊಬ್ಬರು ಬೆಚ್ಚುವುದರ ಬಗ್ಗೆ ಅಲ್ಲ.

ಮೂರನೆಯದು ‘ಸ್ಕ್ರೆಮ್ಮ ಇಯೇಲ್’, ಅಂದರೆ ಸಾಯುವಷ್ಟು ಹೆದರಿಸು. ಇಂಗ್ಲಿಷಿನಲ್ಲೂ ‘ಫ್ರೈಟನ್ ಟು ಡೆತ್’ ಇರುವುದರಿಂದ ಇಲ್ಲಿ ಕಷ್ಟವಿಲ್ಲ. ‘ಪ್ರಾಣವನ್ನೇ ಹೊರಗೆಳೆಯುವಂತೆ’, ‘ಬುದ್ಧಿಯೇ ಹಾರಿಹೋಗುವಂತೆ’ ಎಂಬ ನುಡಿಗಟ್ಟುಗಳೂ ಎರಡು ಭಾಷೆಗಳಲ್ಲಿ ಜೊತೆಜೊತೆಯಾಗಿ ನಡೆಯುತ್ತವೆ. ತೊಡಕಿರುವುದು ‘ಸ್ಕ್ರೆಮ್ಮ ಸ್ಲಾಗ್ ಪೋ’ ಎಂಬುದರಲ್ಲಿ. ‘ಸ್ಲಾಗ್’ ಎಂದರೆ ಹೊಡೆತ, ವೈದ್ಯರ ಮಾತಿನಲ್ಲಿ ಮೆದುಳಿನ ಪಾರ್ಶ್ವವಾಯು. ಒಬ್ಬರಿಗೆ ಲಕ್ವ ಬಡಿಯುವಂತೆ ಹೆದರಿಸುವುದು ಎಂದು ನೇರ ಅರ್ಥ. ಇಂಗ್ಲಿಷಿನಲ್ಲಿ ಹೆದರಿಕೆಗೆ ಹೊಂದುವ ರೋಗ ಹೃದಯದ್ದು, ‘ಯೂ ನಿಯರ್ಲಿ ಗೇವ್ ಮಿ ಎ ಹಾರ್ಟ್ ಅಟ್ಯಾಕ್’ ಎನ್ನುತ್ತಾರೆ. ಕನ್ನಡದಲ್ಲಿ ನಾವು ‘ಎದೆ ಧಸಕ್ಕೆಂದಿತು’, ‘ಎದೆ ಒಡೆದುಹೋಯಿತು’ ಎನ್ನುವಾಗ ಇಂಗ್ಲಿಷಿನ ಪಕ್ಕಕ್ಕೇ ನಿಲ್ಲುತ್ತೇವೆ. ಅಜ್ಜಿಯೊಬ್ಬಳು ಮೊಮ್ಮಗನಿಗೆ ಹೇಳುವ ಈ ಮಾತನ್ನು ಅನುವಾದಿಸುವಾಗ ಮೆದುಳಿನಿಂದ ಹೃದಯಕ್ಕೆ ಇಳಿಯುವುದರಲ್ಲಿ ನನಗೆ ಯಾವ ಆಕ್ಷೇಪವೂ ಕಾಣುವುದಿಲ್ಲ. ಅಜ್ಜಿ ಅಲ್ಲಿ ವೈದ್ಯಶಾಸ್ತ್ರವನ್ನು ಹೇಳುತ್ತಿಲ್ಲ, ಮಗುವನ್ನು ಗದರುತ್ತಿದ್ದಾಳೆ.

ಅವ್ಯಯವಿಲ್ಲದೆಯೂ ಫಲಿತಾಂಶ ಸ್ಪಷ್ಟವಾಗಿ ಕಾಣುವ ವಾಕ್ಯಗಳಿವೆ. ‘ಮೌನಕ್ಕೆ ಹೆದರಿಸು’ ಎಂಬುದು ಸ್ವೀಡಿಷ್ ಸಾರ್ವಜನಿಕ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಕಟ್ಟು: ಚುನಾಯಿತ ಪ್ರತಿನಿಧಿಗಳನ್ನು, ಬರಹಗಾರರನ್ನು, ಸಾಕ್ಷಿಗಳನ್ನು ಹೆದರಿಸಿ ಬಾಯಿ ಮುಚ್ಚಿಸುವುದು. ಇಲ್ಲಿ ‘ಸ್ಕೇರ್ ಇನ್‌ಟು ಸೈಲೆನ್ಸ್’ ಎಂದರೆ ತಪ್ಪಿಲ್ಲ, ಆದರೆ ‘ಇಂಟಿಮಿಡೇಟ್’ ಎಂದಾಗ ಮಾತ್ರ ಹೆದರಿಸುವವನ ಬಲ, ಅವನ ಲೆಕ್ಕಾಚಾರ, ಎದುರಿನವರನ್ನು ಬಗ್ಗಿಸುವ ಅವನ ಇರಾದೆ ಎಲ್ಲವೂ ಒಟ್ಟಿಗೆ ಬರುತ್ತವೆ. ಕನ್ನಡದಲ್ಲಿ ಹೆದರಿಸುವುದಕ್ಕೂ ಬೆದರಿಸುವುದಕ್ಕೂ ನಾವು ಮಾಡುವ ವ್ಯತ್ಯಾಸ ಇದಕ್ಕೆ ಸಮೀಪದ್ದು. ಸಿಡಿಲು ಹೆದರಿಸಬಲ್ಲುದು, ಬೆದರಿಸಲಾರದು. ಬೆದರಿಸಲು ಒಂದು ಮನಸ್ಸು ಬೇಕು.

ಸಿಡಿಲಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಇಲ್ಲೇ ಹೇಳಬೇಕು. ‘ಆ ಯೋಚನೆ ನನ್ನನ್ನು ಹೆದರಿಸುತ್ತದೆ’ ಎಂಬ ವಾಕ್ಯ ಸ್ವೀಡಿಷಿನಲ್ಲಿ ಸಲೀಸಾಗಿ ನಡೆಯುತ್ತದೆ, ಇಂಗ್ಲಿಷಿನಲ್ಲೂ ‘ದ ಥಾಟ್ ಫ್ರೈಟನ್ಸ್ ಮಿ’ ಎಂದು ಹಾಗೆಯೇ ನಿಲ್ಲುತ್ತದೆ. ಅಚೇತನವಾದ ಯೋಚನೆಯನ್ನು ಕರ್ತೃವಾಗಿ ಕೂರಿಸುವುದು ಎರಡೂ ಭಾಷೆಗಳ ಜಾಯಮಾನ. ಸ್ವೀಡಿಷ್ ಸಾಹಿತ್ಯ ಕನ್ನಡಕ್ಕೆ ಬರುವುದು ಸಾಮಾನ್ಯವಾಗಿ ಇಂಗ್ಲಿಷಿನ ಮೂಲಕ, ಹೀಗಾಗಿ ಈ ವಾಕ್ಯ ಎರಡು ಗಡಿಗಳನ್ನು ಅಡ್ಡಿಯಿಲ್ಲದೆ ದಾಟಿ ನಮ್ಮ ಬಾಗಿಲಲ್ಲಿ ಬಂದು ನಿಂತಿರುತ್ತದೆ. ಕನ್ನಡವಾದರೋ ಇಲ್ಲಿ ಅನುಭವಿಸುವವನನ್ನು ಚತುರ್ಥಿಯಲ್ಲಿಟ್ಟು ‘ಅದನ್ನು ನೆನೆದರೆ ನನಗೆ ಹೆದರಿಕೆಯಾಗುತ್ತದೆ’ ಎನ್ನುತ್ತದೆ. ಹೆದರಿಸುವ ಕರ್ತೃ ಮಾಯವಾಗಿ ಹೆದರಿಕೆ ತಾನಾಗಿ ಆಗುತ್ತದೆ. ಅನುವಾದಿಸುವ ಯುವಕರು ಇದನ್ನು ಅಂಜಿಕೆಯಿಲ್ಲದೆ ಮಾಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಮೂಲದಲ್ಲಿ ಪ್ರೇರಣಾರ್ಥಕವಿದೆ ಎಂಬ ಒಂದೇ ಕಾರಣಕ್ಕೆ ‘ಯೋಚನೆ ಹೆದರಿಸಿತು’ ಎಂದು ಬರೆಯಬೇಕಾಗಿಲ್ಲ.

ಈ ಕ್ರಿಯಾಪದದ ಅತ್ಯಂತ ಸ್ವಾರಸ್ಯಕರ ರೂಪ ‘ಸ್ಕ್ರೆಮ್ಮಾಸ್’. ಸ್ವೀಡಿಷಿನಲ್ಲಿ ಕ್ರಿಯಾಪದದ ಕೊನೆಗೆ ‘ಸ್’ ಹತ್ತಿದರೆ ಸಾಮಾನ್ಯವಾಗಿ ಕರ್ಮಣಿ ಪ್ರಯೋಗವಾಗುತ್ತದೆ. ‘ಲೋತ್ ದೆಯ್ ಇಂತೆ ಸ್ಕ್ರೆಮ್ಮಾಸ್’ ಎಂದರೆ ‘ನೀನು ಹೆದರಿಸಲ್ಪಡಬೇಡ’, ನಮ್ಮ ಮಾತಿನಲ್ಲಿ ‘ಅದಕ್ಕೆಲ್ಲ ಹೆದರಬೇಡ’. ಇಲ್ಲಿ ಕಿವಿಗೊಟ್ಟು ಕೇಳುತ್ತಿರುವವನು ಹೆದರುವ ಪಕ್ಷದವನು. ಈಗ ‘ಸ್ಲೂತ ಸ್ಕ್ರೆಮ್ಮಾಸ್!’ ಎಂಬ ಇನ್ನೊಂದು ವಾಕ್ಯ ನೋಡಿ. ರೂಪ ಅದೇ, ಒಂದಕ್ಷರವೂ ಬದಲಾಗಿಲ್ಲ. ಆದರೆ ಅರ್ಥ ‘ಹೆದರಿಸುವುದನ್ನು ನಿಲ್ಲಿಸು!’ ಎಂದು. ಕೇಳುವವನು ಈಗ ಹೆದರಿಸುವ ಪಕ್ಷಕ್ಕೆ ಹೋಗಿಬಿಟ್ಟ. ‘ನಾಯಿ ಕಚ್ಚುತ್ತದೆ’ ಎನ್ನಲು ಸ್ವೀಡಿಷರು ‘ಹುಂದೆನ್ ಬಿತ್ಸ್’ ಎನ್ನುವಾಗಲೂ ಇದೇ ‘ಸ್’ ಇದೆ: ಯಾರನ್ನು ಕಚ್ಚುತ್ತದೆ ಎಂಬ ಕರ್ಮವನ್ನು ಹೇಳದೆ, ಹಾಗೆ ಮಾಡುವುದು ಅದರ ಸ್ವಭಾವ ಎಂದು ಸೂಚಿಸುವ ‘ಸ್’ ಅದು. ಹೊಸದಾಗಿ ಕಲಿಯುವವರು ಈ ಎರಡು ‘ಸ್’ಗಳ ನಡುವೆ ತಡವರಿಸುತ್ತಾರೆ. ಇಂಗ್ಲಿಷಿಗೆ ತರುವಾಗ ಮೊದಲ ವಾಕ್ಯಕ್ಕೆ ‘ಡೋಂಟ್ ಬಿ ಇಂಟಿಮಿಡೇಟೆಡ್’ ಅಥವಾ ‘ಡೋಂಟ್ ಬಿ ಪುಟ್ ಆಫ್’ ಎಂದು ಸಂದರ್ಭ ನೋಡಿ ಆರಿಸಬೇಕು. ಎರಡನೆಯದಕ್ಕೆ ಸ್ವೀಡಿಷಿನಲ್ಲಿ ಇಲ್ಲದ ಕರ್ಮವನ್ನು ಅನುವಾದಕನೇ ಒದಗಿಸಿ ‘ಸ್ಟಾಪ್ ಸ್ಕೇರಿಂಗ್ ಮಿ’ ಎನ್ನಬೇಕಾಗುತ್ತದೆ. ಹೆದರಿದ್ದು ಮಾತನಾಡಿದವಳೇ, ಪಕ್ಕದಲ್ಲಿರುವ ಅವಳ ತಂಗಿಯೇ ಎಂಬುದನ್ನು ಇಂಗ್ಲಿಷು ಕೇಳಿಯೇ ಕೇಳುತ್ತದೆ. ಕನ್ನಡಕ್ಕೆ ಆ ಬಾಧೆಯಿಲ್ಲ. ‘ಹೆದರಿಸಬೇಡ’ ಎಂದರೆ ಸಾಕು, ಯಾರನ್ನು ಎಂದು ಹೇಳಬೇಕಾಗಿಲ್ಲ. ಇದಕ್ಕೆ ಪ್ರತಿಯಾಗಿ ಇಂಗ್ಲಿಷಿಗೂ ತನ್ನದೇ ಒಂದು ಸೊಗಸಿದೆ. ‘ಹಿ ಡಸಂಟ್ ಸ್ಕೇರ್ ಈಸಿಲಿ’ ಎಂದರೆ ‘ಅವನು ಸುಲಭಕ್ಕೆ ಹೆದರುವವನಲ್ಲ’ ಎಂದು ಅರ್ಥ, ಹೆದರಿಸುವ ಕ್ರಿಯಾಪದವೇ ಇಲ್ಲಿ ಹೆದರುವ ಅರ್ಥವನ್ನು ಹೊತ್ತಿದೆ. ಸ್ವೀಡಿಷ್ ಅದೇ ಮಾತನ್ನು ‘ಲೆತ್‌ಸ್ಕ್ರೆಮ್ದ್’ ಎಂಬ, ‘ಸುಲಭಕ್ಕೆ ಹೆದರುವ’ ಎಂಬ ಅರ್ಥದ ಗುಣವಾಚಕಕ್ಕೆ ‘ಅಲ್ಲ’ ಎಂಬುದನ್ನು ಸೇರಿಸಿ ಹೇಳುತ್ತದೆ.

ವಿಷಯದಿಂದ ತುಸು ಪಕ್ಕಕ್ಕೆ ಹೊರಳಿ ಹೊಲದ ಕಡೆ ಹೋಗೋಣ. ಹೊಲದಲ್ಲಿ ನಿಲ್ಲಿಸುವ ಬೆರ್ಚಪ್ಪನಿಗೆ ಸ್ವೀಡಿಷಿನಲ್ಲಿ ‘ಫೋಗೆಲ್‌ಸ್ಕ್ರೆಮ್ಮ’ ಎಂದು ಹೆಸರು, ಹಕ್ಕಿಯನ್ನು ಹೆದರಿಸುವಂಥದ್ದು ಎಂದು ಅರ್ಥ. ಇಂಗ್ಲಿಷಿನ ‘ಸ್ಕೇರ್‌ಕ್ರೋ’ದಲ್ಲಿ ಕ್ರಿಯಾಪದ ಮುಂದೆ, ಕಾಗೆ ಹಿಂದೆ. ಸ್ವೀಡಿಷಿನಲ್ಲಿ ಹಕ್ಕಿ ಮುಂದೆ, ಕ್ರಿಯೆ ಹಿಂದೆ, ನಮ್ಮ ವಾಕ್ಯಕ್ರಮದ ಹಾಗೆ. ಕನ್ನಡದ ಹೆಸರಂತೂ ಹೆದರುವ ಹಕ್ಕಿಯನ್ನೂ ಬಿಟ್ಟುಕೊಟ್ಟು, ‘ಬೆರ್ಚು’ ಎಂಬ ಹಳೆಯ ಕ್ರಿಯಾಪದಕ್ಕೆ ‘ಅಪ್ಪ’ನನ್ನು ಸೇರಿಸಿ ಆ ಗೊಂಬೆಯನ್ನು ಒಬ್ಬ ಮನುಷ್ಯನನ್ನಾಗಿ ಮಾಡಿದೆ. ಕಾಡಿನ ಅಂಚಿಗೆ ಬಂದರೆ ‘ಸ್ಕ್ರೆಮ್‌ಸ್ಕೊತ್’ ಎಂಬ ಪದ ಸಿಗುತ್ತದೆ: ಪ್ರಾಣಿಗೆ ತಗುಲದಂತೆ, ಅದು ಹೆದರಿ ಹೋಗಲಿ ಎಂದು ಹಾರಿಸುವ ಗುಂಡು. ಇದನ್ನು ‘ವಾರ್ನಿಂಗ್ ಶಾಟ್’ ಎಂದು ಅನುವಾದಿಸಿದರೆ ಅರ್ಥ ಜಾರುತ್ತದೆ. ಎಚ್ಚರಿಕೆಯ ಗುಂಡನ್ನು ಪೊಲೀಸರು ಮನುಷ್ಯನಿಗೆ ಹಾರಿಸುತ್ತಾರೆ, ಅದಕ್ಕೆ ಸ್ವೀಡಿಷಿನಲ್ಲಿ ‘ವಾರ್ನಿಂಗ್ಸ್‌ಸ್ಕೊತ್’ ಎಂಬ ಬೇರೆ ಪದವೇ ಇದೆ. ಅದನ್ನು ಕೇಳಿದವನು ಮುಂದಿನ ಗುಂಡು ತನಗೇ ಎಂದು ತಿಳಿದುಕೊಳ್ಳಬೇಕು. ಕರಡಿಯಿಂದ ಅಂಥ ತಿಳಿವಳಿಕೆಯನ್ನು ಯಾರೂ ನಿರೀಕ್ಷಿಸುವುದಿಲ್ಲ, ಅದು ಹೋದರೆ ಸಾಕು.

ಹೊಲದಲ್ಲಿಯೇ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಹೆದರಿಸುವುದರ ಬಗ್ಗೆ ಸ್ವೀಡನ್ನಿನಲ್ಲಿ ನಡೆದ ಅತ್ಯಂತ ಗಂಭೀರವಾದ ಚಿಂತನೆಯೊಂದು ಬೆಳೆದ ಪೈರಿನ ನಡುವೆಯೇ ಹುಟ್ಟಿತು. ರೈ ಬೆಳೆಯ ಹೊಲದಲ್ಲಿ ತೋಳವೊಂದು ಅಡಗಿರುತ್ತದೆ ಎಂಬ ಮಾತು ಉತ್ತರ ಯುರೋಪಿನ ಹಳ್ಳಿಗಳಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ವಿಲ್ಹೆಲ್ಮ್ ಮಾನ್‌ಹಾರ್ಟ್ ಇಂಥ ನಂಬಿಕೆಗಳನ್ನು ಅಪಾರವಾಗಿ ಸಂಗ್ರಹಿಸಿ, ಆ ತೋಳ ಬೆಳೆಯ ಫಲವಂತಿಕೆಯ ಪ್ರಾಚೀನ ದೈವವೆಂದು ವ್ಯಾಖ್ಯಾನಿಸಿದ. ಲುಂಡ್ ವಿಶ್ವವಿದ್ಯಾಲಯದ ಜಾನಪದ ವಿದ್ವಾಂಸ ಕಾರ್ಲ್ ವಿಲ್ಹೆಲ್ಮ್ ಫಾನ್ ಸುದೋವ್ (1878–1952) ಇದನ್ನು ಒಪ್ಪಲಿಲ್ಲ. ಮಕ್ಕಳು ಪೈರನ್ನು ತುಳಿದು ಹಾಳುಮಾಡದಿರಲಿ ಎಂದು ದೊಡ್ಡವರು ತೋಳದ ಹೆಸರು ಹೇಳಿ ಅವರನ್ನು ಹೆದರಿಸುತ್ತಿದ್ದರು, ದೊಡ್ಡವರಿಗೇ ಅದರಲ್ಲಿ ನಂಬಿಕೆಯಿರಲಿಲ್ಲ ಎಂಬುದು ಆತನ ವಾದ. ಇಂಥ ಕಲ್ಪಿತ ಜೀವಿಗಳಿಗೆ ಆತ ‘ಫಿಕ್ಟ್’ ಎಂಬ ಹೊಸ ಪರಿಭಾಷೆಯನ್ನೇ ಕೊಟ್ಟು, ಮಕ್ಕಳನ್ನು ಹದ್ದುಬಸ್ತಿನಲ್ಲಿಡಲು ಬಳಸುವಂಥವನ್ನು ಬೋಧನೆಯ ಫಿಕ್ಟ್‌ಗಳೆಂದು ಬೇರೆಯಾಗಿ ಗುರುತಿಸಿದ. ನಮ್ಮ ಮನೆಗಳ ಗುಮ್ಮ ಈ ವರ್ಗದಲ್ಲಿ ನೇರವಾಗಿ ಬಂದು ಕೂರುತ್ತಾನೆ. ಅನುವಾದದ ದೃಷ್ಟಿಯಿಂದ ನೋಡಬೇಕಾದದ್ದು ಏನೆಂದರೆ, ಸ್ವೀಡಿಷ್ ‘ಮಕ್ಕಳನ್ನು ತೋಳದಿಂದ ಸ್ಕ್ರೆಮ್ಮ ಮಾಡು’ ಎಂದು ಕ್ರಿಯಾಪದವನ್ನು ಹಿಡಿದುಕೊಳ್ಳುವಲ್ಲಿ ಇಂಗ್ಲಿಷ್ ಜಾನಪದ ಬರವಣಿಗೆ ‘ಬೋಗಿ’, ‘ಬಗ್‌ಬೇರ್’ ಎಂದು ಜೀವಿಯ ಹೆಸರನ್ನು ಹಿಡಿಯುತ್ತದೆ. ಫಾನ್ ಸುದೋವ್‌ನ ವಾದದ ತಿರುಳೇ ಜೀವಿಯಿಂದ ಹೆದರಿಸುವ ಹಿರಿಯರ ಕಡೆಗೆ ನಮ್ಮ ಕಣ್ಣನ್ನು ತಿರುಗಿಸುವುದು. ಜೀವಿಗೆ ಹೆಸರು ಕೊಟ್ಟ ಕೂಡಲೇ ಕಣ್ಣು ಮತ್ತೆ ತೋಳದ ಕಡೆಗೇ ಹೋಗುತ್ತದೆ. ಹೀಗಾಗಿ ಆತನನ್ನು ಇಂಗ್ಲಿಷಿಗೆ ತರುವವರು ಇಲ್ಲಿ ಕ್ರಿಯಾಪದವನ್ನು ಉಳಿಸಿಕೊಳ್ಳಲೇಬೇಕು, ‘ಫ್ರೈಟನ್ ಚಿಲ್ಡ್ರನ್ ವಿತ್’ ಎಂದೇ ಬರೆಯಬೇಕು. ಸಿನಿಮಾ ನೋಡುವವರಿಗೆ ಒಂದು ಮಾತು: ಈ ವಿದ್ವಾಂಸನ ಮಗನೇ ನಟ ಮ್ಯಾಕ್ಸ್ ಫಾನ್ ಸುದೋವ್. 1973ರಲ್ಲಿ ಬಂದು ಜಗತ್ತಿನಾದ್ಯಂತ ಪ್ರೇಕ್ಷಕರನ್ನು ನಡುಗಿಸಿದ ಅಮೆರಿಕದ ದೆವ್ವ ಬಿಡಿಸುವ ಚಿತ್ರದಲ್ಲಿ ಮುದಿ ಪಾದ್ರಿಯಾಗಿ ನಟಿಸಿದವರು ಅವರೇ.

‘ಸ್ಕ್ರೆಮ್ಮ’ಕ್ಕೆ ಅರ್ಥದಲ್ಲಿ ಗಂಭೀರ ಸ್ವಭಾವದ ಕೆಲವು ಬಂಧುಗಳಿದ್ದಾರೆ: ‘ಸ್ಕ್ರೆಕ್’ ಎಂಬ ನಾಮಪದ, ‘ಫೊರ್‌ಸ್ಕ್ರೆಕ್ಕ’ ಮತ್ತು ‘ಆವ್‌ಸ್ಕ್ರೆಕ್ಕ’ ಎಂಬ ಕ್ರಿಯಾಪದಗಳು. ಇವು ಮಧ್ಯಯುಗದಲ್ಲಿ ಹಾನ್ಸಾ ಒಕ್ಕೂಟದ ವರ್ತಕರೊಂದಿಗೆ ಬಾಲ್ಟಿಕ್ ಸಮುದ್ರದಾಚೆಯಿಂದ ಬಂದ ಕೆಳ ಜರ್ಮನ್ ಪದಸಂಪತ್ತಿನ ಭಾಗ. ‘ಫೊರ್‌ಸ್ಕ್ರೆಕ್ಕ’ ಇಂದು ಹಳೆಯ ಕಾಲದ, ಧರ್ಮಗ್ರಂಥದ ವಾಸನೆಯುಳ್ಳದ್ದು. 1917ರ ಸ್ವೀಡಿಷ್ ಬೈಬಲಿನಲ್ಲಿ ‘ಯಾರೂ ಅವರನ್ನು ಹೆದರಿಸದಂತೆ’ ಎಂಬ ಪ್ರವಾದಿಗಳ ಶಾಂತಿವಚನಗಳಲ್ಲಿ ಈ ಪದವೇ ಇದೆ. ಅದೇ ಬಗೆಯ ವಚನಕ್ಕೆ 1611ರ ಇಂಗ್ಲಿಷ್ ಬೈಬಲು ಯಾವ ಹೆದರಿಸುವ ಕ್ರಿಯಾಪದವನ್ನೂ ಬಳಸದೆ ‘ನನ್ ಶಲ್ ಮೇಕ್ ದೆಮ್ ಅಫ್ರೇಡ್’ ಎಂದಿತು. ಹೀಬ್ರೂ ಮೂಲದಲ್ಲಿರುವುದು ಪ್ರೇರಣಾರ್ಥಕ ರೂಪ; ‘ಮೇಕ್ ಅಫ್ರೇಡ್’ ಎಂಬುದು ಆ ಪ್ರೇರಣೆಯನ್ನು ಬಿಡಿಸಿ ಎರಡು ಪದಗಳಲ್ಲಿ ಹೇಳಿತು. ನಮ್ಮ ‘ಹೆದರಿಸು’ ಇಲ್ಲಿ ಇಂಗ್ಲಿಷಿಗಿಂತ ಮೂಲಕ್ಕೆ ಹತ್ತಿರ.

‘ಫೊರ್‌ಸ್ಕ್ರೆಕ್ಕ’ ಇಂದಿಗೂ ಜೀವಂತವಾಗಿರುವ ಒಂದು ಗಾದೆ ಮಾತು ‘ಸ್ಪೋರೆನ್ ಫೊರ್‌ಸ್ಕ್ರೆಕ್ಕೆರ್’, ಹೆಜ್ಜೆಗುರುತುಗಳು ಹೆದರಿಸುತ್ತವೆ. ಕಾಯಿಲೆ ಬಿ­ದ್ದ ಸಿಂಹವನ್ನು ನೋಡಲು ಹೋಗದ ನರಿಯ ಕತೆ ನಿಮಗೆ ಗೊತ್ತು: ಗುಹೆಯೊಳಗೆ ಹೋದ ಹೆಜ್ಜೆಗಳಿವೆ, ಹೊರಗೆ ಬಂದವು ಒಂದೂ ಇಲ್ಲ. ರೋಮಿನ ಕವಿ ಹೊರೇಸ್ ತನ್ನ ಪದ್ಯಪತ್ರವೊಂದರಲ್ಲಿ ನರಿಯ ಬಾಯಲ್ಲಿ ಇದನ್ನು ಹೇಳಿಸಿದ, ಅಲ್ಲಿಂದ ಈ ಮಾತು ಸ್ವೀಡಿಷಿಗೆ ಇಳಿಯಿತು. ಹಿಂದೆ ಹೀಗೆ ಮಾಡಿದವರ ಗತಿ ಏನಾಯಿತು ನೋಡಿ ಎಂದು ಎಚ್ಚರಿಸಲು ಸಂಸತ್ತಿನ ಭಾಷಣಗಳಿಂದ ಹಿಡಿದು ಸಂಪಾದಕೀಯಗಳವರೆಗೆ ಇದನ್ನು ಬಳಸುತ್ತಾರೆ. ಇಂಗ್ಲಿಷಿನಲ್ಲಿ ‘ದ ಟ್ರ್ಯಾಕ್ಸ್ ಫ್ರೈಟನ್’ ಎಂದರೆ ಓದುಗ ಯಾವ ಹೆಜ್ಜೆ ಎಂದು ಕಕ್ಕಾಬಿಕ್ಕಿಯಾಗುತ್ತಾನೆ. ಹಿಂದಿನ ನಿದರ್ಶನಗಳು ಉತ್ಸಾಹ ತರುವಂಥವಲ್ಲ ಎನ್ನುವ ‘ದ ಪ್ರೆಸಿಡೆಂಟ್ಸ್ ಆರ್ ನಾಟ್ ಎನ್‌ಕರೇಜಿಂಗ್’ ಎಂಬಂಥ ಮಾತು ಅರ್ಥವನ್ನು ದಾಟಿಸುತ್ತದೆ, ಆದರೆ ಭಯ ಎಂಬುದೇ ಅದರಲ್ಲಿ ಉಳಿದಿರುವುದಿಲ್ಲ. ನರಿಯ ಕತೆ ಗೊತ್ತಿರುವ ಓದುಗರಿಗಾಗಿ ಬರೆಯುವಾಗ ಹೆಜ್ಜೆಗಳನ್ನು ಉಳಿಸಿಕೊಂಡು ಒಂದೆರಡು ಪದ ಹೆಚ್ಚಿಗೆ ಬರೆಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

‘ಆವ್‌ಸ್ಕ್ರೆಕ್ಕ’ದ ಕತೆ ಇದಕ್ಕಿಂತ ಮುಖ್ಯವಾದದ್ದು. ಹೆದರಿಸಿ ಒಂದು ಕೆಲಸದಿಂದ ಹಿಂದೆಗೆಯುವಂತೆ ಮಾಡುವುದು ಎಂದು ಅದರ ಅರ್ಥ. ಸ್ವೀಡನ್ 2024ರ ಮಾರ್ಚ್ 7ರಂದು ನ್ಯಾಟೊ ಒಕ್ಕೂಟವನ್ನು ಸೇರಿತು. ಆ ಒಕ್ಕೂಟದ ದಾಖಲೆಗಳಲ್ಲಿ ಪದೇ ಪದೇ ಬರುವ ‘ಡಿಟರೆನ್ಸ್ ಆ್ಯಂಡ್ ಡಿಫೆನ್ಸ್’ ಎಂಬ ಜೋಡಿಯ ಮೊದಲ ಪದ ಸ್ವೀಡಿಷಿನಲ್ಲಿ ‘ಆವ್‌ಸ್ಕ್ರೆಕ್ನಿಂಗ್’. ಇಂಗ್ಲಿಷಿನ ‘ಡಿಟರ್’ನಲ್ಲಿ ‘ಟೆರರ್’ನ ಬೇರೇ ಇದೆ, ಆದರೆ ಇಂಗ್ಲಿಷ್ ಮಾತನಾಡುವವನ ಕಿವಿಗೆ ಅದು ಕೇಳುವುದಿಲ್ಲ, ‘ಡಿಟರೆನ್ಸ್’ ತಣ್ಣನೆಯ, ಕಚೇರಿಯ ಪದವಾಗಿದೆ. ಸ್ವೀಡಿಷನಿಗೆ ತನ್ನ ಪದದಲ್ಲಿ ‘ಸ್ಕ್ರೆಕ್’ ಎಂಬ ಭೀತಿ ಸ್ಪಷ್ಟವಾಗಿ ಕೇಳಿಸುತ್ತದೆ, ಭೀತಿಚಿತ್ರಕ್ಕೆ ‘ಸ್ಕ್ರೆಕ್‌ಫಿಲ್ಮ್’ ಎನ್ನುವಾಗ ಬರುವ ‘ಸ್ಕ್ರೆಕ್’ ಅದೇ. ಫ್ರೆಂಚರು ಇದೇ ವಿಷಯಕ್ಕೆ ‘ದಿಸ್ಯುವಾಸಿಯೊಂ’ ಎನ್ನುತ್ತಾರೆ, ಮನವೊಲಿಸಿ ತಪ್ಪಿಸುವುದು ಎಂದು ಅರ್ಥ, ಭಯದ ಸುಳಿವೇ ಇಲ್ಲ. ಒಂದೇ ಕ್ಷಿಪಣಿ ಒಂದು ಭಾಷೆಯಲ್ಲಿ ಭೀತಿ ಹುಟ್ಟಿಸಿದರೆ ಇನ್ನೊಂದರಲ್ಲಿ ಬುದ್ಧಿ ಹೇಳುತ್ತದೆ. ಅಣ್ವಸ್ತ್ರದ ಬಗ್ಗೆ ಸ್ವೀಡಿಷ್ ಶಾಂತಿವಾದಿಯೊಬ್ಬ ‘ಆವ್‌ಸ್ಕ್ರೆಕ್ನಿಂಗ್’ ಎಂಬ ಪದದಲ್ಲಿರುವ ಭೀತಿಯನ್ನೇ ಎತ್ತಿ ತೋರಿಸಿ ಮಾತನಾಡಿದರೆ, ‘ಡಿಟರೆನ್ಸ್’ ಎಂಬ ಒಂದೇ ಪದ ಅವನ ವಾದವನ್ನು ಹೊರಲಾರದು. ಅನುವಾದಕ ಪಕ್ಕದಲ್ಲಿ ‘ಟೆರರ್’ ಅಥವಾ ‘ಫಿಯರ್’ ಎಂಬುದನ್ನು ಎಲ್ಲಾದರೂ ಬರೆಯಲೇಬೇಕಾಗುತ್ತದೆ.

ಕೊನೆಯದಾಗಿ ಕಾನೂನಿನ ಭಾಷೆಗೆ ಬರುತ್ತೇನೆ. ಅಲ್ಲಿ ‘ಸ್ಕ್ರೆಮ್ಮ’ ಬಾಗಿಲ ಹೊರಗೇ ನಿಲ್ಲುತ್ತದೆ. 1965ರಲ್ಲಿ ಜಾರಿಗೆ ಬಂದ ಸ್ವೀಡಿಷ್ ದಂಡಸಂಹಿತೆ ಬೆದರಿಕೆಯ ಅಪರಾಧವನ್ನು ವಿವರಿಸುವಾಗ, ಬೆದರಿಕೆಗೆ ಒಳಗಾದವನಲ್ಲಿ ಗಂಭೀರವಾದ ‘ಫ್ರುಕ್ತಾನ್’, ಅಂದರೆ ಭಯ, ಹುಟ್ಟಿಸುವಂಥದ್ದು ಎಂದಿತ್ತು. 2018ರಲ್ಲಿ ಜಾರಿಯಾದ ತಿದ್ದುಪಡಿಯಲ್ಲಿ ಆ ಹಳೆಯ ಪದದ ಜಾಗಕ್ಕೆ ಇಂದಿನ ಬಳಕೆಯ ‘ರೆದ್ಸ್ಲ’ ಬಂತು. ಎರಡೂ ನಾಮಪದಗಳೇ. ಕೃತ್ಯದಿಂದ ಹುಟ್ಟುವ ಭಯವನ್ನು ಬಿಡಿಸಿ ಎದುರಿಗಿಟ್ಟು ಅಳೆಯುವುದು ಕಾನೂನಿನ ಕ್ರಮವಾದ್ದರಿಂದ ಭಯ ಹುಟ್ಟಿಸುವ ಕ್ರಿಯಾಪದ ಅದಕ್ಕೆ ಸಾಲದು.

ಭಯೋತ್ಪಾದನೆಯ ಕಾನೂನಿನಲ್ಲಿ ಇದರ ಭಾರ ಪೂರ್ತಿಯಾಗಿ ಅರಿವಿಗೆ ಬರುತ್ತದೆ. ಐರೋಪ್ಯ ಒಕ್ಕೂಟ 2002ರಲ್ಲಿ ಹೊರಡಿಸಿದ ಚೌಕಟ್ಟಿನ ನಿರ್ಧಾರದಲ್ಲಿ ಭಯೋತ್ಪಾದಕ ಉದ್ದೇಶಗಳನ್ನು ಹೆಸರಿಸಲಾಗಿದೆ. ಅದರ ಮೊದಲ ಉದ್ದೇಶ ಇಂಗ್ಲಿಷಿನಲ್ಲಿ ‘ಸೀರಿಯಸ್‌ಲಿ ಇಂಟಿಮಿಡೇಟಿಂಗ್ ಎ ಪಾಪ್ಯುಲೇಶನ್’ ಎಂದಿದೆ. ಸ್ವೀಡಿಷಿನಲ್ಲಿ ಅದು ‘ಇನ್‌ಯಾಗ ಆಲ್ವಾರ್ಲಿಗ್ ಫ್ರುಕ್ತಾನ್’, ಜನಸಮುದಾಯವೊಂದರ ಒಳಗೆ ಗಂಭೀರ ಭಯವನ್ನು ಅಟ್ಟಿ ತುಂಬುವುದು. ‘ಯಾಗ’ ಎಂದರೆ ಬೇಟೆಯಾಡು, ಬೆನ್ನಟ್ಟು. ಈ ಮಾತುಗಳು 2003ರ ಸ್ವೀಡಿಷ್ ಕಾಯ್ದೆಗೂ, ಅದರ ಜಾಗಕ್ಕೆ 2022ರ ಜುಲೈ 1ರಂದು ಬಂದ ಹೊಸ ಕಾಯ್ದೆಗೂ ಹಾಗೆಯೇ ಇಳಿದಿವೆ. ಒಕ್ಕೂಟದ ಕಾನೂನಿನಲ್ಲಿ ಎಲ್ಲ ಅಧಿಕೃತ ಭಾಷೆಗಳ ಪಾಠಗಳಿಗೂ ಸಮಾನ ಪ್ರಾಮಾಣ್ಯವಿರುವುದರಿಂದ ಇವೆರಡರಲ್ಲಿ ಯಾವುದೂ ಇನ್ನೊಂದರ ಅನುವಾದವೆಂದು ಕಾನೂನು ಒಪ್ಪುವುದಿಲ್ಲ. ಆದರೂ ಅರ್ಥದಲ್ಲಿ ಅವು ಒಂದೇ ತೂಕದವಲ್ಲ. ‘ಇಂಟಿಮಿಡೇಟ್’ನಲ್ಲಿ ಎದುರಿನವರನ್ನು ಬಗ್ಗಿಸುವ ಉದ್ದೇಶ ಅಡಕವಾಗಿದೆ, ಸ್ವೀಡಿಷ್ ನುಡಿಗಟ್ಟಿನಲ್ಲಿ ಭಯ ಒಳಹೊಕ್ಕರೆ ಸಾಕು.

2017ರ ಏಪ್ರಿಲ್ 7ರಂದು ಸ್ಟಾಕ್‌ಹೋಮಿನ ದ್ರೊತ್ನಿಂಗ್‌ಗಾತನ್ ಬೀದಿಯಲ್ಲಿ ಕದ್ದ ಲಾರಿಯೊಂದನ್ನು ಜನರ ಮೇಲೆ ಹರಿಸಲಾಯಿತು, ಐವರು ಸತ್ತರು. 2018ರ ಜೂನಿನಲ್ಲಿ ಸ್ಟಾಕ್‌ಹೋಮಿನ ಜಿಲ್ಲಾ ನ್ಯಾಯಾಲಯ ಆರೋಪಿಗೆ ಭಯೋತ್ಪಾದನೆಯ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆ ವಿಧಿಸಿತು. ಸ್ವೀಡನ್ನಿನ ಜನರಲ್ಲಿ ಗಂಭೀರ ಭಯವನ್ನು ತುಂಬುವುದು, ಮತ್ತು ಐಸಿಸ್ ವಿರುದ್ಧದ ಅಂತರರಾಷ್ಟ್ರೀಯ ಕಾರ್ಯಾಚರಣೆಯಲ್ಲಿ ಭಾಗಿಯಾಗದಂತೆ ಸ್ವೀಡನ್ನನ್ನು ಬಲವಂತಪಡಿಸುವುದು, ಈ ಎರಡು ಉದ್ದೇಶಗಳನ್ನೂ ನ್ಯಾಯಾಲಯ ಕಂಡಿತು. ಕಾಯ್ದೆಯಲ್ಲಿ ಇವು ಎರಡು ಬೇರೆ ಉದ್ದೇಶಗಳು. ಬಲವಂತಕ್ಕೆ ಅದರದೇ ಆದ ಜಾಗವಿರುವಾಗ ಮೊದಲನೆಯದನ್ನು ‘ಇಂಟಿಮಿಡೇಟ್’ ಎಂದು ಇಂಗ್ಲಿಷ್ ಮಾಡಿದರೆ ಬಲವಂತದ ಛಾಯೆ ಎರಡು ಕಡೆಯೂ ಬೀಳುತ್ತದೆ, ಸ್ವೀಡಿಷ್ ಪಠ್ಯ ಬೇರೆ ಮಾಡಿಟ್ಟದ್ದು ಇಂಗ್ಲಿಷಿನಲ್ಲಿ ಕಲೆಸಿಹೋಗುತ್ತದೆ. ಇಂಥ ತೀರ್ಪನ್ನು, 2002ರ ಆ ನಿರ್ಧಾರದ ಜಾಗಕ್ಕೆ ಆಮೇಲೆ ಬಂದ ಐರೋಪ್ಯ ನಿರ್ದೇಶನದ ಪಕ್ಕದಲ್ಲಿಟ್ಟು ಓದುವ ವಕೀಲರಿಗಾಗಿ ಅನುವಾದಿಸುವವರು ಅಲ್ಲಿನ ಅಧಿಕೃತ ಪಾಠಕ್ಕೆ ಬದ್ಧರಾಗಿ ‘ಇಂಟಿಮಿಡೇಟ್’ ಎಂದೇ ಬರೆಯಬೇಕು. ಅಂದು ಆ ಬೀದಿಯಲ್ಲಿದ್ದವರ ಎದೆಯೊಳಗೆ ಆರೋಪಿ ಏನನ್ನು ತುಂಬಲು ಹೊರಟಿದ್ದ ಎಂದು ನ್ಯಾಯಾಲಯ ವಿಚಾರಿಸಿತೋ ಅದನ್ನು ತಿಳಿಯಬಯಸುವ ಓದುಗರಿಗಾಗಿ ಬರೆಯುವವರು ‘ಇನ್‌ಸ್ಟಿಲ್ ಸೀರಿಯಸ್ ಫಿಯರ್’ ಎಂದು ಬರೆಯಬೇಕು.